ಚೆನ್ನೈನಲ್ಲಿ ಹಡಗು ಹತ್ತಿದ ಈರುಳ್ಳಿ ಯಾವ ರಾಜ್ಯದ ಲೆಕ್ಕಕ್ಕೆ?

ಪ್ರಶ್ನೆ (ಪಿಯು ಅರ್ಥಶಾಸ್ತ್ರ ಉಪನ್ಯಾಸಕಿ, ಹಾಸನ): ರಫ್ತು ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆ ಎರಡು ಪ್ರಶ್ನೆ. ಚಿಕ್ಕಬಳ್ಳಾಪುರದ ರೋಸ್ ಈರುಳ್ಳಿ (ಗುಲಾಬಿ ಬಣ್ಣದ ಸಣ್ಣ ಈರುಳ್ಳಿ) ಚೆನ್ನೈ ಬಂದರಿನಿಂದ ಹೋಗುತ್ತದಲ್ಲ, ಅದು ತಮಿಳುನಾಡಿನ ರಫ್ತು ಅಂತ ಲೆಕ್ಕ ಆಗುತ್ತದಾ? ಮತ್ತೆ, ಸರಕು ರಫ್ತಿನಿಂದ ನಮ್ಮ ರಾಜ್ಯ ಸರ್ಕಾರಕ್ಕೆ ತೆರಿಗೆ ಎಷ್ಟು ಬರುತ್ತದೆ? ಮಕ್ಕಳು ಕೇಳಿದರು, ನನ್ನ ಹತ್ತಿರ ನೇರ ಉತ್ತರ ಇರಲಿಲ್ಲ.

ಉತ್ತರ (ಕಸ್ಟಮ್ಸ್ ಬ್ರೋಕರ್, ಬೆಂಗಳೂರು): ಮೇಡಂ, ಮೊದಲನೆಯದಕ್ಕೆ ಇಲ್ಲ. ಲೆಕ್ಕ ಬಂದರಿನ ಮೇಲೆ ಹೋಗುವುದಿಲ್ಲ. ಪ್ರತಿ ಸರಕಿಗೂ ನಾವು ಶಿಪ್ಪಿಂಗ್ ಬಿಲ್, ಅಂದರೆ ಕಸ್ಟಮ್ಸ್‌ಗೆ ಕೊಡುವ ರಫ್ತು ಘೋಷಣೆ, ಹಾಕುತ್ತೇವೆ. ಅದರಲ್ಲಿ ‘ಸರಕು ಹುಟ್ಟಿದ ರಾಜ್ಯ’ ಅಂತ ಒಂದು ಕಲಂ ಇದೆ, 2020ರಿಂದ ಜಿಲ್ಲೆಯನ್ನೂ ತುಂಬಬೇಕು. ಪೇಪರಿನಲ್ಲಿ ಬರುವ ‘ಕರ್ನಾಟಕದ ರಫ್ತು ಇಷ್ಟು’ ಅನ್ನೋ ಅಂಕಿ ಆ ಕಲಂನಿಂದ ಕೂಡಿ ಬಂದದ್ದು. ವೈಟ್‌ಫೀಲ್ಡ್ ಕಂಟೇನರ್ ಡಿಪೋದಿಂದ ರೈಲಿನಲ್ಲಿ ಚೆನ್ನೈಗೆ ಹೋಗುವ ಮಾಲೂ ಹಾಗೇ, ನಮ್ಮದೇ.

ಆದರೆ ಕಲಂ ತುಂಬುವವರು ಮನುಷ್ಯರು ತಾನೇ. ನಮ್ಮ ಆಫೀಸಲ್ಲೇ ಒಮ್ಮೆ ಮೂರು ಕಂಟೇನರ್ ರೋಸ್ ಈರುಳ್ಳಿಗೆ ಹುಡುಗ ‘ತಮಿಳುನಾಡು’ ಅಂತ ಹೊಡೆದುಬಿಟ್ಟಿದ್ದ. ರಫ್ತುದಾರನ ಆಫೀಸ್ ಚೆನ್ನೈ, ಅದನ್ನೇ ನೋಡಿ ಹಾಕಿದ್ದ. ಬೆಳೆದವನು ಚಿಕ್ಕಬಳ್ಳಾಪುರದ ರೈತ!

ಎರಡನೆಯದಕ್ಕೆ ಉತ್ತರ ಕೇಳಿ ಮಕ್ಕಳಿಗೆ ಬೇಜಾರಾಗಬಹುದು. ರಫ್ತಿನ ಮೇಲೆ ಜಿಎಸ್‌ಟಿ ಶೂನ್ಯ. ಕಚ್ಚಾ ಮಾಲಿಗೆ ಕಟ್ಟಿದ ಜಿಎಸ್‌ಟಿಯೂ ರಫ್ತುದಾರನಿಗೆ ವಾಪಸ್. ಕಸ್ಟಮ್ಸ್ ಸುಂಕ ಅಂತ ಏನಾದರೂ ಇದ್ದರೆ ಅದು ಕೇಂದ್ರದ್ದು. ಹಾಗಾಗಿ ಕಂಟೇನರ್ ಹೊರಟಿತು ಅಂದರೆ ವಿಧಾನಸೌಧಕ್ಕೆ ನೇರವಾಗಿ ಏನೂ ಬರಲಿಲ್ಲ. ಬರುವುದೆಲ್ಲ ಸುತ್ತಿ ಬಳಸಿ: ಸಂಬಳ ತಗೊಂಡವರು ಅಂಗಡಿಗೆ ಹೋದಾಗ, ಲಾರಿಗೆ ಡೀಸೆಲ್ ಹಾಕಿಸಿದಾಗ, ಸೈಟ್ ರಿಜಿಸ್ಟರ್ ಮಾಡಿಸಿದಾಗ.

ಉಪನ್ಯಾಸಕಿ: ಹಾಗಾದರೆ ರಫ್ತಿನಲ್ಲಿ ನಾವು ಎಷ್ಟನೇ ಸ್ಥಾನ ಅಂತ ಇಷ್ಟು ಸದ್ದು ಯಾಕೆ ಸರ್?

ಉತ್ತರ: ಸದ್ದಿಗೇನು, ಮಾಡ್ತಾರೆ. 2023-24ರಲ್ಲಿ ದೇಶದ ಸರಕು ರಫ್ತು ಸುಮಾರು 437 ಶತಕೋಟಿ ಡಾಲರ್, ಕರ್ನಾಟಕದ್ದು ಅದರಲ್ಲಿ 26ರ ಆಸುಪಾಸು. ಸಾಫ್ಟ್‌ವೇರ್ ಇದರೊಳಗೆ ಸೇರಿಲ್ಲ, ಅದು ಸೇವೆ. ಗುಜರಾತ್ ನಮ್ಮಿಂದ ಬಹಳ ಮುಂದೆ. ಆದರೆ ಅವರ ಅಂಕಿಯಲ್ಲಿ ಜಾಮ್‌ನಗರದ ತೈಲ ಶುದ್ಧೀಕರಣ ಘಟಕದ ಪಾಲು ದೊಡ್ಡದು. ನಮ್ಮಲ್ಲೂ ಮಂಗಳೂರಿನ ಎಂಆರ್‌ಪಿಎಲ್ ತೈಲ ಘಟಕ ಹಾಗೇ. ಕಚ್ಚಾ ತೈಲ ಹಡಗಲ್ಲಿ ಬರುತ್ತೆ, ಸಂಸ್ಕರಿಸಿ ಹೊರಗೆ ಹೋಗುತ್ತೆ. ಬಿಲ್ಲಲ್ಲಿ ಪೂರ್ತಿ ಬೆಲೆ ಕಾಣುತ್ತೆ, ಒಳಗೆ ಬಂದ ತೈಲದ ಬೆಲೆ ಯಾರೂ ಕಳೆಯುವುದಿಲ್ಲ. ನರಸಾಪುರ, ದೇವನಹಳ್ಳಿಯ ಐಫೋನಿಗೂ ಇದೇ ಮಾತು, ಒಳಗಿನ ಬಿಡಿಭಾಗಗಳಲ್ಲಿ ಬಹುಪಾಲು ಆಮದು. ಅಲ್ಲಿ ಕೆಲಸ ಸಿಕ್ಕಿದೆ, ಅದನ್ನ ಇಲ್ಲ ಅನ್ನಲ್ಲ.

ನಿಮ್ಮ ಊರಿನದ್ದೇ ಹೇಳ್ತೀನಿ. ದೇಶದ ಕಾಫಿಯಲ್ಲಿ ಹತ್ತಿರ ಹತ್ತಿರ 70% ಕೊಡಗು, ಚಿಕ್ಕಮಗಳೂರು, ಹಾಸನದ್ದು. ಬೆಲೆ ಏರಿದ 2024-25ರಲ್ಲೂ ಇಡೀ ಭಾರತದ ಕಾಫಿ ರಫ್ತು 1.8 ಶತಕೋಟಿ ಡಾಲರ್ ಆಸುಪಾಸು ಅಷ್ಟೇ. ರಾಜ್ಯದ ಪಟ್ಟಿಯಲ್ಲಿ ಕಾಫಿ ಸಣ್ಣದಾಗಿ ಕಾಣುತ್ತೆ. ಆದರೆ ಹಣ್ಣು ಕೊಯ್ಯುವವಳಿಂದ ಹಿಡಿದು ಕಣದಲ್ಲಿ ಪಾರ್ಚ್‌ಮೆಂಟ್ (ಹೊಟ್ಟು ತೆಗೆಯದ ಕಾಫಿ ಬೀಜ) ಮಗುಚುವವರು, ಆ ಹೊಟ್ಟು ತೆಗೆಯುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸುವ ಹೆಂಗಸರು, ಮೂಟೆ ಹೊರುವವರು, ಎಲ್ಲರೂ ಇಲ್ಲಿಯವರೇ. ಬೀಜವೂ ಇಲ್ಲಿಯದೇ. ಬಂದ ಡಾಲರಿನಲ್ಲಿ ಹೆಚ್ಚಿನ ಪಾಲು ಇಲ್ಲೇ ಉಳಿಯುತ್ತೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲೂ ದುಡಿಯುವ ಕೈ ಜಾಸ್ತಿ, ಆದರೆ ಬಟ್ಟೆಯೇ ಹೊರಗಿಂದ ಬಂದಿದ್ದರೆ ಉಳಿಯೋದು ಹೊಲಿಗೆ ಕೂಲಿ ಮಾತ್ರ. ನನ್ನ ಕೇಳಿದರೆ ಮಕ್ಕಳಿಗೆ ಸ್ಥಾನ ಬಿಟ್ಟು ಈ ಉಳಿಯುವ ಪಾಲನ್ನು ಕಲಿಸಿ.

ಇನ್ನೊಬ್ಬರು (ಸಂಡೂರು): ನಮ್ಮ ಕಬ್ಬಿಣದ ಅದಿರು ಮರೆತೇಬಿಟ್ರಲ್ಲ ಸರ್?

ಉತ್ತರ: ಮರೆಯೋದುಂಟೇ! 2010ರಲ್ಲಿ ರಾಜ್ಯವೇ ಅದಿರು ರಫ್ತು ನಿಲ್ಲಿಸಿತು, ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೇ ತಡೆ ಹಾಕಿತು. 2022ರ ಮೇ 20ಕ್ಕೆ ಕೋರ್ಟ್ ರಫ್ತಿಗೆ ಒಪ್ಪಿತು ಅಂತ ಫೋನ್ ಮೇಲೆ ಫೋನ್. ಎರಡೇ ದಿನದಲ್ಲಿ ಕೇಂದ್ರ ಅದಿರಿನ ರಫ್ತು ಸುಂಕ 50% ಮಾಡಿತು. ಫೋನು ನಿಂತವು. ಆ ನವೆಂಬರ್‌ನಲ್ಲಿ ಸುಂಕ ಇಳಿಸಿದರು ಅನ್ನಿ. ಬೆಳೆಯೋದು, ಅಗೆಯೋದು ನಮ್ಮ ನೆಲದಲ್ಲಿ. ಗೇಟಿನ ಬೀಗ ಮಾತ್ರ ದೆಹಲಿಯಲ್ಲಿ. 2023ರಲ್ಲಿ ಈರುಳ್ಳಿಗೆ 40% ಸುಂಕ ಹಾಕಿದಾಗ ರೋಸ್ ಈರುಳ್ಳಿಗೆ ವಿನಾಯಿತಿ ಸಿಕ್ಕಿತು, ನಮ್ಮ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಇರಬೇಕು ಅನ್ನೋ ಷರತ್ತಿನ ಮೇಲೆ. ಡಿಸೆಂಬರ್‌ನಲ್ಲಿ ರಫ್ತನ್ನೇ ನಿಷೇಧಿಸಿದರು.

ಉಪನ್ಯಾಸಕಿ: ತುಂಬಾ ಥ್ಯಾಂಕ್ಸ್ ಸರ್. ಆ ತಪ್ಪು ಹೊಡೆದ ಮೂರು ಕಂಟೇನರ್ ಕತೆ ಏನಾಯ್ತು?

ಉತ್ತರ: ತಿದ್ದುಪಡಿಗೆ ಅರ್ಜಿ ಕೊಟ್ಟೆವು ಮೇಡಂ. ಈರುಳ್ಳಿ ಮತ್ತೆ ಕರ್ನಾಟಕದ್ದಾಗುವ ಹೊತ್ತಿಗೆ ಮಲೇಷ್ಯಾದಲ್ಲಿ ಸಾಂಬಾರೂ ಆಗಿತ್ತು.