ವಾರಂಟಿ ಇದ್ರೂ "ಲಿಕ್ವಿಡ್ ಡ್ಯಾಮೇಜ್" ಅಂತ ₹61,000 ಕೇಳಾಕತ್ತಾರ: ಗೇಮಿಂಗ್ ಲ್ಯಾಪ್‌ಟಾಪ್ ಆನ್ ಆಗವಲ್ದು

ವಿದ್ಯಾಗಿರಿ ಗೇಮರ್, ಬಾಗಲಕೋಟೆ

ಎಲ್ಲಾರಿಗೂ ನಮಸ್ಕಾರ್ರಿ. ಹೋದ ದೀಪಾವಳಿ ಆಫರ್‌ನ್ಯಾಗ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಚಿಪ್ ಇರೋ ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡೀನಿ. ಬಿಲ್ 94,000. ಅಪ್ಪ ಸೊಸೈಟಿಯೊಳಗ ಸಾಲ ತಗದು ಕೊಡಿಸ್ಯಾರ. ಎರಡು ವರ್ಷ ವಾರಂಟಿ, ಅದರಾಗ ಅರ್ಧಕ್ಕಿಂತ ಜಾಸ್ತಿ ಇನ್ನೂ ಬಾಕಿ ಐತಿ.

ರಾತ್ರಿ ಆಡುವಾಗ ಟಪ್ ಅಂತ ಆಫ್ ಆತು. ಈಗ ಪವರ್ ಬಟನ್ ಒತ್ತಿದ್ರ ಫ್ಯಾನ್ ಇಲ್ಲ, ಲೈಟ್ ಇಲ್ಲ. ಚಾರ್ಜರ್ ಪಿನ್ ಹಾಕಿದ ಕೂಡ್ಲೇ ಅಡಾಪ್ಟರ್ ಮ್ಯಾಲಿನ ಲೈಟ್ ಆರತೈತಿ. ಪಿನ್ ಕಿತ್ತು ಗ್ವಾಡಿ ಸ್ವಿಚ್ ಬಂದ್ ಮಾಡಿ ಮತ್ತ ಹಾಕಿದ್ರ ಲೈಟ್ ಬರತೈತಿ.

ನಮ್ಮೂರಾಗ ಆ ಕಂಪನಿ ಸರ್ವಿಸ್ ಸೆಂಟರ್ ಇಲ್ಲ, ಹುಬ್ಬಳ್ಳಿಗೆ ಒಯ್ದು ಕೊಟ್ಟೆ. ಆಮ್ಯಾಲ ಫೋನ್ ಬಂತು: "ಒಳಗಿನ ಸ್ಟಿಕ್ಕರ್ ಕೆಂಪಾಗೈತಿ, ನೀರು ಬಿದ್ದೈತಿ, ಇದು ಸಿಐಡಿ (ಕಸ್ಟಮರ್ ಇಂಡ್ಯೂಸ್ಡ್ ಡ್ಯಾಮೇಜ್, ಅಂದ್ರ ಗ್ರಾಹಕರಿಂದ ಆದ ಹಾನಿ) ಕೇಸು, ವಾರಂಟಿ ಬರೂದಿಲ್ಲ. ಮದರ್‌ಬೋರ್ಡ್ ಬದಲಿ 61,000, ಜಿಎಸ್‌ಟಿ ಬ್ಯಾರೆ." ನೀರಾಗಲಿ ಚಹಾ ಆಗಲಿ ಯಾವುದೂ ಅದರ ಮ್ಯಾಲೆ ಬಿದ್ದಿಲ್ರಿ. ಊರಾಗಿನ ಅಂಗಡ್ಯಾಗ 8 ಜಿಬಿ ರ‍್ಯಾಮ್ ಒಂದು ಹಾಕಿಸಿದ್ದೆ, ಅದಕ್ಕೂ "ಹೊರಗ ಬಿಚ್ಚಿಸೀರಿ" ಅಂತ ಮಾತು ಬಂತು. ಅಪ್ಪಗ ಇನ್ನೂ ಹೇಳಿಲ್ಲ. ಏನ್ ಮಾಡ್ಲಿ?

ಬೋರ್ಡ್ ಬೆಂಚ್, ಬೆಳಗಾವಿ

ತಮ್ಮಾ, ಗಾಬರಿ ಬ್ಯಾಡ. ಮೊದಲು ಇಷ್ಟು ಹೇಳು. ಲ್ಯಾಪ್‌ಟಾಪ್ ಕೊಟ್ಟಾಗ ಕೊಟ್ಟ ಜಾಬ್ ಶೀಟ್ ಮೇಲೆ ಏನು ಬರೆದಾರ? ನೀರು ಬಿದ್ದೈತಿ ಅಂದದ್ದು ಬರವಣಿಗೆಯೊಳಗ ಐತೋ, ಬರೇ ಫೋನ್‌ನ್ಯಾಗೋ? ಫೋಟೋ ಕೊಟ್ಟಾರಾ? ಲ್ಯಾಪ್‌ಟಾಪ್ ಈಗ ಯಾರ ಕಡೆ ಐತಿ?

ಅದು ನಿನ್ನ ಕೈಗೆ ವಾಪಸ್ ಬಂದಿದ್ರ ಚಾರ್ಜರ್ ಹಚ್ಚಿ ಹಚ್ಚಿ ನೋಡಬ್ಯಾಡ. ಅಡಾಪ್ಟರ್ ಲೈಟ್ ಆರೋದು ಅಂದ್ರ ಒಳಗ 20 ವೋಲ್ಟ್ ಬರೋ ಮೇನ್ ಲೈನ್ ಶಾರ್ಟ್ ಆಗೈತಿ, ಅಡಾಪ್ಟರ್ ತನ್ನ ರಕ್ಷಣೆಗೆ ಕರೆಂಟ್ ಕಡೀತೈತಿ. ಶಾರ್ಟ್ ಆದ ಮಾಸ್ಫೆಟ್ (ಕರೆಂಟ್ ಬಿಡೋ, ಕಡಿಯೋ ಸಣ್ಣ ಸ್ವಿಚ್ಚಿನಂಥ ಬಿಡಿಭಾಗ) ಜಿಪಿಯು, ಅಂದ್ರ ಗ್ರಾಫಿಕ್ಸ್ ಚಿಪ್ ಕಡೆಯದಾಗಿದ್ರ, ಪ್ರತಿ ಸಲ ಹಚ್ಚಿದಾಗಲೂ ಒಂದು ವೋಲ್ಟಿನ ಆಸುಪಾಸು ನಡೆಯೋ ಚಿಪ್‌ಗೆ ಆ 20 ವೋಲ್ಟ್ ನೇರ ನುಗ್ಗೋ ಸಾಧ್ಯತೆ ಇರ್ತೈತಿ. ಈಗ ಉಳಿದಿರೋ ಚಿಪ್ ಆಗ ಉಳಿಯೂದಿಲ್ಲ.

ವಿದ್ಯಾಗಿರಿ ಗೇಮರ್, ಬಾಗಲಕೋಟೆ

ಅಣ್ಣಾರ, ಜಾಬ್ ಶೀಟ್ ಮ್ಯಾಲೆ "ನೋ ಪವರ್" ಅಂತ ಐತಿ, ಕೆಳಗ "ಹೊರಗಿನ ಸ್ಥಿತಿ ಚೆನ್ನಾಗಿದೆ, ಡೆಂಟ್ ಇಲ್ಲ" ಅಂತ ಬರದಾರ. ನೀರಿನ ಮಾತು ಫೋನ್‌ನ್ಯಾಗ ಅಷ್ಟ. ಫೋಟೋ ಕೇಳಿದ್ದಕ್ಕ "ಅದು ಕಂಪನಿ ಪಾಲಿಸಿ ಅಲ್ಲ" ಅಂದ್ರು. ಲ್ಯಾಪ್‌ಟಾಪ್ ಅವರ ಕಡೇನ ಐತಿ. ರೊಕ್ಕ ಕಟ್ರಿ, ಇಲ್ಲಾ ಒಯ್ರಿ ಅನ್ನಾಕತ್ತಾರ.

ಬೋರ್ಡ್ ಬೆಂಚ್, ಬೆಳಗಾವಿ

ಹಂಗಿದ್ರ ಅದನ್ನ ಸದ್ಯಕ್ಕ ತರಬ್ಯಾಡ. ಬೇರೆ ರಿಪೇರಿಯವರ ಕೈಗಂತೂ ಈಗ ಕೊಡಲೇಬ್ಯಾಡ, ನನ್ನ ಕೈಗೂ ಬ್ಯಾಡ. ಒಂದು ಸಲ ಹೊರಗಿನ ಬೆಸುಗೆ ಬಿತ್ತಂದ್ರ ಮೊದಲಿನ ಸ್ಥಿತಿ ಏನಿತ್ತು ಅನ್ನೋದಕ್ಕ ಯಾವ ಸಾಕ್ಷಿಯೂ ಉಳಿಯೂದಿಲ್ಲ.

ನಾನು ಟಿಳಕವಾಡಿಯೊಳಗ ಬೋರ್ಡ್ ರಿಪೇರಿ ಮಾಡ್ತೀನಿ, ಲಿಕ್ವಿಡ್ ಡ್ಯಾಮೇಜ್ ಅಂತ ವಾಪಸ್ ಬಂದ ಬೋರ್ಡ್‌ಗಳು ನನ್ನ ಮೇಜಿಗೆ ಬರ್ತಾನೇ ಇರ್ತಾವ. ನಿಜವಾಗಿ ನೀರು ಕುಡಿದವೂ ಅದರಾಗ ಬಹಳ, ಅದನ್ನ ಮುಚ್ಚಿಡೂದಿಲ್ಲ. ಆದ್ರ ನೀರು ಬಿದ್ದ ಬೋರ್ಡ್ ಗುರುತು ಬಿಟ್ಟೇ ಬಿಡ್ತೈತಿ. ನೀರು ಇಳಿಜಾರಿಗೆ ಹರಿದ ದಾರಿ, ಒಣಗಿದ ಅಂಚಿನ ಗೆರೆ, ವೋಲ್ಟೇಜ್ ಇರೋ ಚಿಪ್ ಕಾಲುಗಳ ಸುತ್ತ ಹಸಿರು ಇಲ್ಲಾ ಬಿಳಿ ತುಕ್ಕು. ಚಹಾ ಕಾಫಿ ಆದ್ರ ಅಂಟು. ಕೀಬೋರ್ಡ್ ಮೇಲಿಂದ ಬಂದದ್ದಾದ್ರ ಕೀಬೋರ್ಡ್ ಕೆಳಗಿನ ಹಾಳಿಯೊಳಗೂ ಕಲೆ ಇರಬೇಕು. ಬೋರ್ಡ್ ಮೇಲೆ ಐತಿ, ಕೀಬೋರ್ಡ್ ಸ್ವಚ್ಛ ಐತಿ ಅಂದ್ರ ನೀರು ಯಾವ ದಾರಿಲೆ ಬಂತು ಅಂತ ಕೇಳಲೇಬೇಕು.

ಇನ್ನು ನೀರಲ್ಲದ್ದನ್ನ ನೀರು ಅನ್ನೋದು. ಗೇಮಿಂಗ್ ಲ್ಯಾಪ್‌ಟಾಪ್‌ನೊಳಗ ಇದು ಜಾಸ್ತಿ. ಜಿಪಿಯು ಸುತ್ತಿನ ಮೆಮೊರಿ ಚಿಪ್ಪು, ಮಾಸ್ಫೆಟ್‌ಗಳ ಮೇಲೆ ಥರ್ಮಲ್ ಪ್ಯಾಡ್ (ಬಿಸಿ ಹೊರಗ ಹಾಕೋ ಲೋಹದ ಹೀಟ್‌ಸಿಂಕ್‌ಗೆ ಶಾಖ ದಾಟಿಸೋ ಮೆತ್ತನೆ ಪಟ್ಟಿ) ಇರ್ತಾವಲ್ಲ, ಕಾದು ಕಾದು ಅವುಗಳಿಂದ ಸಿಲಿಕೋನ್ ಎಣ್ಣಿ ಜಿನುಗತೈತಿ. ಹೀಟ್‌ಸಿಂಕ್ ಎತ್ತಿದ ಕೂಡ್ಲೇ ಸುತ್ತಲೂ ಒದ್ದಿ ಒದ್ದಿ ಹೊಳಪು ಕಾಣ್ತೈತಿ. ಬಟ್ಟಿಗೆ ಒರಸಿದ್ರ ಜಿಡ್ಡು ಬರ್ತೈತಿ, ತುಕ್ಕು ಒಂದು ಚೂರೂ ಇರೂದಿಲ್ಲ. ಫ್ಯಾಕ್ಟರಿ ಬೆಸುಗೆಯ ಫ್ಲಕ್ಸ್ (ಬೆಸುಗೆ ಹಿಡಿಯಾಕ ಹಚ್ಚೋ ಅಂಟು) ಉಳಿದು ಹಳದಿ ಕಲೆ ಆಗಿರ್ತೈತಿ, ಅದನ್ನೂ ಒಮ್ಮೊಮ್ಮೆ ನೀರಿನ ಲೆಕ್ಕಕ್ಕ ಹಾಕ್ತಾರ. ಕೆಲವು ಮಾಡಲ್‌ಗಳಿಗೆ ಕಂಪನಿಯವರೇ ಬಿಸಿ ದಾಟಿಸೋ ಪೇಸ್ಟ್ ಬದಲಿ ಲಿಕ್ವಿಡ್ ಮೆಟಲ್ ಹಾಕಿರ್ತಾರ. ಗ್ಯಾಲಿಯಂ ಮಿಶ್ರಲೋಹ ಅದು, ಕರೆಂಟ್ ಹರೀತೈತಿ. ಅದು ಪ್ರೊಸೆಸರ್ ಅಂಚು ದಾಟಿ ಬೆಳ್ಳಿ ಹನಿಯಾಗಿ ಹೊರಗ ಬಂದು ಶಾರ್ಟ್ ಮಾಡಿದ್ರ ಅದು ದ್ರವವೇ ಹೌದು, ಆದ್ರ ಹಾಕಿದವರು ಕಂಪನಿಯವರು. ನಿನ್ನ ಮಾಡಲ್‌ನ್ಯಾಗ ಲಿಕ್ವಿಡ್ ಮೆಟಲ್ ಐತೋ ಇಲ್ಲೋ ಕಂಪನಿ ವೆಬ್‌ಸೈಟ್‌ನ್ಯಾಗ ನೋಡಿಕೊ.

ಸ್ಟಿಕ್ಕರ್ ಬಗ್ಗೆ ಒಂದು ಮಾತು. ಅದು ಬಿಳಿ ಇರ್ತೈತಿ, ನೀರು ತಾಗಿದ್ರ ಕೆಂಪೋ ಗುಲಾಬಿಯೋ ಆಗ್ತೈತಿ. ಅದು ಹೇಳೋದು ಇಷ್ಟೇ: ನನ್ನ ಮೈಗೆ ತೇವ ತಾಗೈತಿ. ಗೇಣು ದೂರದ ಮಾಸ್ಫೆಟ್ ಯಾಕ ಸತ್ತಿತು ಅಂತ ಅದು ಹೇಳೂದಿಲ್ಲ. ಹಂಗಾಗಿ ನೀನು ಕೇಳಬೇಕಾದ ಪ್ರಶ್ನೆ "ನೀರು ಬಿದ್ದಿಲ್ಲ, ನಂಬ್ರಿ" ಅಂತಲ್ಲ. "ಶಾರ್ಟ್ ಆದ ಭಾಗ ಯಾವುದು? ಅದರ ಮೇಲೆ ಅಥವಾ ಅದರ ಸುತ್ತ ತುಕ್ಕು ಎಲ್ಲೈತಿ? ತೋರಿಸ್ರಿ." ಇದನ್ನ ಬಿಟ್ಟು ಬೇರೆ ವಾದಕ್ಕ ಇಳೀಬ್ಯಾಡ. ಅವರು ಆ ಭಾಗದ ಮೇಲೇ ತುಕ್ಕು ತೋರಿಸಿದ್ರ ಅವರ ಮಾತು ಖರೆ, ಒಪ್ಪಿಕೊ. ತೋರಿಸಲಿಲ್ಲ ಅಂದ್ರ ಸ್ಟಿಕ್ಕರ್ ಒಂದನ್ನ ಹಿಡ್ಕೊಂಡು 61,000 ಕೇಳೋದು ನ್ಯಾಯ ಅಲ್ಲ.

ಕೌಂಟರ್‌ನ ಹುಡುಗರ ಜೊತಿ ಜಗಳಾಡಿ ಉಪಯೋಗ ಇಲ್ಲ. ಬಹಳ ಕಡೆ ಅವರು ಕಂಪನಿಯವರಲ್ಲ, ಗುತ್ತಿಗೆ ತಗೊಂಡ ಸೆಂಟರ್‌ನವರು. ವಾರಂಟಿ ಒಪ್ಪಿಗೆ ಮೇಲಿಂದ ಬರಬೇಕು. ಕಂಪನಿಯ ಸಪೋರ್ಟ್ ಇಮೇಲ್‌ಗೆ ಸೀರಿಯಲ್ ನಂಬರ್, ಜಾಬ್ ಶೀಟ್ ನಂಬರ್, ಬಿಲ್ ಹಚ್ಚಿ ಮೂರು ಕೇಳು: ತಿರಸ್ಕಾರದ ಕಾರಣ ಬರವಣಿಗೆಯೊಳಗ, ಬೋರ್ಡ್‌ನ ಎರಡೂ ಬದಿಯ ಫೋಟೋ, ಬೇರೆ ಇಂಜಿನಿಯರ್‌ರಿಂದ ಮರುಪರಿಶೀಲನೆ. ಜಾಬ್ ಶೀಟ್‌ನ್ಯಾಗ ಹೊರಗಿನ ಸ್ಥಿತಿ ಚೆನ್ನಾಗಿದೆ ಅಂತ ಅವರೇ ಬರೆದದ್ದನ್ನೂ ನೆನಪು ಮಾಡಿಕೊಡು.

ರ‍್ಯಾಮ್ ವಿಷಯಕ್ಕ ಹೆದರಬ್ಯಾಡ. ನಿನ್ನ ಮಾಡಲ್‌ನ ಯೂಸರ್ ಮ್ಯಾನುಯಲ್ ತಗದು ನೋಡು. ರ‍್ಯಾಮ್, ಎಸ್‌ಎಸ್‌ಡಿ ಹೆಂಗ ಹಾಕಬೇಕು ಅಂತ ಚಿತ್ರ ಸಮೇತ ಬಹಳ ಕಂಪನಿಯವರು ಕೊಟ್ಟಿರ್ತಾರ. ಬಿಚ್ಚೋ ದಾರಿ ಅವರೇ ಕಲಿಸಿದ ಮೇಲೆ ಬಿಚ್ಚಿದ್ದೇ ಅಪರಾಧ ಅಂತ ಅನ್ನಾಕ ಬರೂದಿಲ್ಲ. ಹಾಕುವಾಗ ಸ್ಲಾಟ್ ಮುರಿದಿದ್ರ, ಸ್ಕ್ರೂಡ್ರೈವರ್ ಜಾರಿ ಗೀರು ಬಿದ್ದಿದ್ರ ಅದು ಬೇರೆ, ಅದಕ್ಕ ವಾರಂಟಿ ಇರೂದಿಲ್ಲ.

ಗುಮ್ಮಟ ಪಿಸಿ, ವಿಜಯಪುರ

ನಂದು ಬ್ಯಾರೆ ಅಭಿಪ್ರಾಯ ಅದ. ಇಮೇಲ್, ಕಂಪ್ಲೇಂಟ್ ಅಂತ ತಿಂಗಳುಗಟ್ಟಲೆ ಅಲೆದಾಡಿದ್ರ ಹುಡುಗನ ಸೆಮಿಸ್ಟರ್ ಮುಗೀತದ. ಹೊರಗಿನ ಒಳ್ಳೆ ರಿಪೇರಿಯವರ ಕಡೆ ಕೊಟ್ರ ಒಂದು ಮಾಸ್ಫೆಟ್ ಬದಲಿ ಮಾಡಿ ನಾಲ್ಕೈದು ಸಾವಿರದಾಗ ಚಾಲೂ ಮಾಡಿ ಕೊಡ್ತಾರ. ನಮ್ಮ ಕಡೆ ಬಿಸಿಲು, ಧೂಳು ನೋಡ್ರಿ, ಏಪ್ರಿಲ್ ಮೇದಾಗ ಹೊರಗ 40 ಡಿಗ್ರಿ ದಾಟ್ತದ. ಲ್ಯಾಪ್‌ಟಾಪ್ ಕೆಡೋದ ಸಹಜ. ವಾರಂಟಿ ಹಿಂದ ಬೆನ್ನು ಹತ್ತೋದಕ್ಕಿಂತ ಕೆಲಸ ಆಗೋದು ಮುಖ್ಯ.

ಬೋರ್ಡ್ ಬೆಂಚ್, ಬೆಳಗಾವಿ

ಸರ್, ವಾರಂಟಿ ಮುಗಿದ ಲ್ಯಾಪ್‌ಟಾಪ್‌ಗೆ ನಿಮ್ಮ ಮಾತು ನೂರಕ್ಕೆ ನೂರು ಸರಿ. ರಿಪೇರಿ ನನ್ನ ಹೊಟ್ಟೆಪಾಡು, ಬ್ಯಾಡ ಅನ್ನಾಕ ನನಗೇನು? ಆದ್ರ ಇಲ್ಲಿ ವಾರಂಟಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದೈತಿ. ಇವತ್ತು ಮಾಸ್ಫೆಟ್ ಬದಲಿ ಮಾಡಿದೆ ಅಂತ ಇಟ್ಕೊಳ್ರಿ, ನಾಳೆ ಡಿಸ್‌ಪ್ಲೇ ಹೋದ್ರೂ ಬೋರ್ಡ್ ಮುಟ್ಟಿದಾರ ಅಂತ ಕೈ ಎತ್ತತಾರ. ನಾಲ್ಕು ಸಾವಿರ ಉಳಿಸಾಕ ಹೋಗಿ ಉಳಿದ ವಾರಂಟಿ ಪೂರ್ತಿ ಕಳಕೊಂಡಂಗ ಆಗ್ತೈತಿ. ಧೂಳಿನ ಮಾತು ಒಪ್ತೀನಿ. ಧೂಳು ಕೂತು ಅದರ ಮೇಲೆ ಮಳೆಗಾಲದ ತೇವ ಹತ್ತಿದ್ರ ತುಕ್ಕು ಬರ್ತೈತಿ, ಬೆಳಗಾವಿಯ ಜುಲೈ ಆಗಸ್ಟ್‌ನ್ಯಾಗ ನಾನು ನೋಡೋದೇ ಅದು. ಆದ್ರ ಅದು ಬೋರ್ಡ್ ತುಂಬ ತೆಳ್ಳಗೆ ಹರಡಿರ್ತೈತಿ, ಫ್ಯಾನ್ ಗಾಳಿ ಬರೋ ಕಡೆ ಜಾಸ್ತಿ. ಚೆಲ್ಲಿದ ನೀರಿನಂಗ ಒಂದೇ ಕಡೆ ಮಡುವು ಕಟ್ಟಿರೂದಿಲ್ಲ.

ಗ್ರಾಹಕರ ಕಡೆಯವ, ಬೆಳಗಾವಿ

ಕಾನೂನಿನ ಬದಿಯಿಂದ ನಾಲ್ಕು ಮಾತು ಸೇರಿಸುತ್ತೇನೆ, ಏಕೆಂದರೆ ಹುಬ್ಬಳ್ಳಿಗೋ ಬೆಂಗಳೂರಿಗೋ ಅಲೆಯಬೇಕಾಗುತ್ತದೆ ಎಂಬ ಹೆದರಿಕೆಗೇ ಎಷ್ಟೋ ಜನ ಕೈಬಿಡುತ್ತಾರೆ.

ಹಾಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂದ ಮೇಲೆ, ದೂರುದಾರ ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ನೀವು ಬಾಗಲಕೋಟೆಯಲ್ಲೇ ಕೊಡಬಹುದು. ವಸ್ತುವಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂಬ ನಿಯಮವೂ ಇಲ್ಲ. ಸಮಸ್ಯೆ ಎದ್ದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು.

ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು, ಕನ್ನಡದಲ್ಲೂ ಮಾತಾಡಬಹುದು. ಅವರು ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಯ ಮೇಲಿನವರಿಗೆ ಮುಟ್ಟಿಸಿ ಉತ್ತರ ಕೇಳುತ್ತಾರೆ. ಕೌಂಟರ್‌ನಲ್ಲಿ ನಿಂತ ಕಡತ ಅಷ್ಟಕ್ಕೇ ಅಲುಗಿದ್ದನ್ನು ಕಂಡಿದ್ದೇನೆ.

ಬೋರ್ಡ್ ಬೆಂಚ್ ಅವರು ಹೊರಗೆ ಬಿಚ್ಚಿಸಬೇಡ ಎಂದದ್ದು ಇಲ್ಲೂ ಮುಖ್ಯ. ಪರೀಕ್ಷೆ ಮಾಡದೆ ದೋಷ ತಿಳಿಯದು ಎನ್ನಿಸಿದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಕಾಯ್ದೆಯ 38ನೇ ಕಲಮಿನಡಿ ಆಯೋಗಕ್ಕಿದೆ. ನಡುವೆ ಬೇರೆಯವರು ಕೈ ಹಾಕಿದ್ದರೆ ಆ ಪರೀಕ್ಷೆಯಿಂದ ಪ್ರಯೋಜನವಿಲ್ಲ.

ಬಿಲ್ ಯಾರ ಹೆಸರಿನಲ್ಲಿದೆ ನೋಡಿ. ಜಿಎಸ್‌ಟಿ ಉಳಿಸಲು ಪರಿಚಯದವರ ಅಂಗಡಿಯ ಜಿಎಸ್‌ಟಿ ನಂಬರ್ ಹಾಕಿಸಿದ್ದರೆ, ವಾಣಿಜ್ಯ ಉದ್ದೇಶಕ್ಕೆ ಕೊಂಡದ್ದು, ಇವರು ಗ್ರಾಹಕರೇ ಅಲ್ಲ ಎಂದು ಎದುರಿನವರು ತಕರಾರು ಎತ್ತುತ್ತಾರೆ.

ವಿದ್ಯಾಗಿರಿ ಗೇಮರ್, ಬಾಗಲಕೋಟೆ

ಬಿಲ್ ಅಪ್ಪನ ಹೆಸರಿಲೆ ಐತ್ರಿ, ಜಿಎಸ್‌ಟಿ ನಂಬರ್ ಏನೂ ಹಾಕಿಸಿಲ್ಲ. ಅಪ್ಪಗ ಎಲ್ಲಾ ಹೇಳಿದೆ, ಅವರ ಇಮೇಲ್‌ನಿಂದಾನ ಕಳಿಸೇವಿ, 1915ಕ್ಕೂ ದೂರು ಕೊಟ್ಟೇವಿ.

ಈಗ ಫೋಟೋ ಬಂದಾವ. ಕೆಂಪು ಸ್ಟಿಕ್ಕರ್ ಟಚ್‌ಪ್ಯಾಡ್ ಹತ್ರ, ಬ್ಯಾಟರಿ ಬಾಜೂಕ ಐತಿ. ಬೋರ್ಡ್ ಫೋಟೋದಾಗ ಜಿಪಿಯು ಸುತ್ತ ಒದ್ದಿ ಕಲೆ ಅಂತ ಬಾಣ ಹಾಕ್ಯಾರ. ಜೊತಿಗೆ ಒಂದು ಇಮೇಲ್: "ನಿಮ್ಮ ಸಮಾಧಾನಕ್ಕಾಗಿ ಬೋರ್ಡ್ ಬೆಲೆಯಲ್ಲಿ ಶೇ. 40 ರಿಯಾಯಿತಿ, ಒಪ್ಪಿಗೆ ಇದ್ದರೆ ಉತ್ತರಿಸಿ." ಒಪ್ಪಲೇನು?

ಬೋರ್ಡ್ ಬೆಂಚ್, ಬೆಳಗಾವಿ

ಫೋಟೋ ದೊಡ್ಡದು ಮಾಡಿ ನೋಡಿದೆ. ಬಾಣ ಹಾಕಿದ ಕಲೆ ಥರ್ಮಲ್ ಪ್ಯಾಡ್ ಅಚ್ಚಿನ ಸುತ್ತ ಚೌಕಾಗಿ ಕೂತೈತಿ. ನೀರು ಚೌಕ ಆಕಾರಕ್ಕ ಹರಿಯೂದಿಲ್ಲ. ಪಕ್ಕದ ಕೆಪಾಸಿಟರ್‌ಗಳ ಬೆಸುಗೆ ಹೊಳೀತಾವ, ತುಕ್ಕಿನ ಸುಳಿವಿಲ್ಲ. ಫೋಟೋ ನೋಡಿ ಶಾರ್ಟ್ ಎಲ್ಲಿ ಅಂತ ನಾನು ಹೇಳಲಾರೆ, ಆದ್ರ ಇದು ಪ್ಯಾಡ್ ಎಣ್ಣಿ ಅನ್ನೋದರಾಗ ನನಗ ಅನುಮಾನ ಇಲ್ಲ. ಸ್ಟಿಕ್ಕರ್ ಕೆಂಪಾದದ್ದು ಟಚ್‌ಪ್ಯಾಡ್ ಹತ್ರ, ಅಂಗೈ ಬೆವರು ಇಳಿಯೋ ಜಾಗ. ಅಲ್ಲಿಂದ ಜಿಪಿಯುವರೆಗೆ ನಡುವೆ ಒಂದು ಗುರುತೂ ಇಲ್ಲ.

ಆ ರಿಯಾಯಿತಿಗೆ ಈಗ ಹೂಂ ಅನ್ನಬ್ಯಾಡ. ಒಪ್ಪಿಗೆ ಪತ್ರದಾಗ "ಗ್ರಾಹಕರಿಂದ ಆದ ಹಾನಿ" ಅನ್ನೋ ಸಾಲು ಇರಬಹುದು, ಅದಕ್ಕ ಸಹಿ ಬಿದ್ದ ಮೇಲೆ ಮುಂದಿನ ದಾರಿ ಕಷ್ಟ ಆಗ್ತೈತಿ. ಉತ್ತರ ಹಿಂಗ ಬರಿ: "ಬಾಣ ತೋರಿಸಿದ ಭಾಗದಲ್ಲಿ ತುಕ್ಕು ಇಲ್ಲ. ಅದು ಥರ್ಮಲ್ ಪ್ಯಾಡ್‌ನ ಎಣ್ಣೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಮತ್ತೆ ಫೋಟೋ ಕೊಡಿ. ಶಾರ್ಟ್ ಆದ ಭಾಗದ ಹೆಸರು ತಿಳಿಸಿ."

ಗ್ರಾಹಕರ ಕಡೆಯವ, ಬೆಳಗಾವಿ

ರಿಯಾಯಿತಿ ನಿರಾಕರಿಸುವಾಗ ಸಿಟ್ಟಿನ ಮಾತು ಬೇಡ. ಮುಂದೆ ಆಯೋಗದ ಮುಂದೆ ಓದುವವರು ಇದೇ ಇಮೇಲ್ ಓದುತ್ತಾರೆ.

ವಿದ್ಯಾಗಿರಿ ಗೇಮರ್, ಬಾಗಲಕೋಟೆ

ಅಣ್ಣಾರ, ನೀವು ಹೇಳಿದಂಗ ಬರದು ಕಳಿಸಿದ್ವಿ. ಕಂಪನಿಯ ಬೇರೆ ಇಂಜಿನಿಯರ್ ನೋಡ್ಯಾರಂತ. ಇವತ್ತು ಉತ್ತರ ಬಂತು: "ಪವರ್ ಸೆಕ್ಷನ್ ಬಿಡಿಭಾಗದ ವೈಫಲ್ಯ, ವಾರಂಟಿಯಡಿ ಬೋರ್ಡ್ ಬದಲಾವಣೆಗೆ ಅನುಮೋದನೆ." ನೀರಿನ ಮಾತ ಇಲ್ಲ. ಅಪ್ಪ ನಿಮಗ ಬಹಳ ನಮಸ್ಕಾರ ಹೇಳ್ಯಾರ. ತರಾಕ ಹೋದಾಗ ಏನರ ನೋಡ್ಬೇಕೇನ್ರಿ?

ಬೋರ್ಡ್ ಬೆಂಚ್, ಬೆಳಗಾವಿ

ಬಹಳ ಖುಷಿ ಆತು ತಮ್ಮಾ. ಅಪ್ಪಾಜಿಗೂ ನನ್ನ ನಮಸ್ಕಾರ ಹೇಳು.

ಅಲ್ಲೇ ಕೌಂಟರ್‌ನ್ಯಾಗ ಆನ್ ಮಾಡಿಸು. ಹೊಸ ಬೋರ್ಡ್‌ನ ಬಯಾಸ್‌ಗೆ (ಆನ್ ಆದ ಕೂಡ್ಲೇ ಮೊದಲು ಓಡೋ ಬೋರ್ಡ್‌ನ ಸ್ವಂತ ಸಾಫ್ಟ್‌ವೇರ್) ನಿನ್ನ ಹಳೇ ಸೀರಿಯಲ್ ನಂಬರ್ ಬರೆದಾರೋ ಇಲ್ಲೋ ನೋಡು. ಅದು ಖಾಲಿ ಇದ್ರ ವೆಬ್‌ಸೈಟ್‌ನ್ಯಾಗ ವಾರಂಟಿ ತೋರಿಸದೇ ಇರಬಹುದು. ವಿಂಡೋಸ್ ಆ್ಯಕ್ಟಿವೇಟ್ ಆಗೈತಾ, 4060 ಸರಿಯಾಗಿ ಕಾಣ್ತೈತಾ, ಹಾಕಿಸಿದ 8 ಜಿಬಿ ವಾಪಸ್ ಕೂತೈತಾ ನೋಡು. ಚಾರ್ಜರ್ ಹಚ್ಚಿ ಒಂದು ಗೇಮ್ ಇಲ್ಲಾ ಸ್ಟ್ರೆಸ್ ಟೆಸ್ಟ್ ಹದಿನೈದು ನಿಮಿಷ ಓಡಿಸು, ಎರಡೂ ಫ್ಯಾನ್ ತಿರುಗಬೇಕು. ಹಳೇ ಅಡಾಪ್ಟರ್ ಅಷ್ಟು ಸಲ ಶಾರ್ಟ್ ತಡೆದೈತಿ, ಅದನ್ನೂ ಚೆಕ್ ಮಾಡ್ರಿ ಅನ್ನು. ಕೆಂಪಾದ ಸ್ಟಿಕ್ಕರ್ ತಗದು ಹೊಸದು ಹಚ್ಚಾಕ ಹೇಳು, ಇಲ್ಲಾಂದ್ರ ಸರ್ವಿಸ್ ರಿಪೋರ್ಟ್ ಮೇಲೆ "ಸ್ಟಿಕ್ಕರ್ ಮೊದಲೇ ಕೆಂಪಿತ್ತು" ಅಂತ ಬರೆಸಿಕೊ. ರಿಪೋರ್ಟ್‌ನ್ಯಾಗ ಬೋರ್ಡ್ ಬದಲಿ ತಾರೀಖು, ಕಾರಣ ಎರಡೂ ಇರಬೇಕು. ಅದು ಕೈಗೆ ಬಂದ ಮೇಲೆ ಸಹಿ ಮಾಡು.