ದೇವರನ್ನು ನಂಬದವನು ‘ಇದು ತಪ್ಪು’ ಅನ್ನಬಹುದಾ?

ಹೊಸಬ (ಪ್ರಶ್ನೆ)

ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ. ಮನೆಯ ವಿಷಯದಿಂದಲೇ ಶುರು ಮಾಡಬೇಕು, ಇಲ್ಲದಿದ್ದರೆ ಈ ಪ್ರಶ್ನೆ ನನ್ನನ್ನು ಯಾಕೆ ಕಾಡುತ್ತಿದೆ ಅಂತ ಗೊತ್ತಾಗುವುದಿಲ್ಲ.

ನಮ್ಮ ಅಜ್ಜಿಗೆ ಮರೆವಿನ ಕಾಯಿಲೆ. ಒಂದು ದಿನ ನಾನು ಅವರ ಮೊಮ್ಮಗ, ಇನ್ನೊಂದು ದಿನ ಯಾವತ್ತೋ ತೀರಿಹೋದ ಅವರ ತಮ್ಮ. ಹೋದ ತಿಂಗಳು ನೋಡಲು ಹೋದಾಗ ಅವರ ಎಡಗೈ ಹೆಬ್ಬೆರಳು ನೀಲಿಯಾಗಿತ್ತು. ಎಲ್ಲೋ ಏಟು ಬಿದ್ದಿದೆ ಅಂದುಕೊಂಡು ಕೈ ಹಿಡಿದು ನೋಡಿದೆ. ಶಾಯಿ. ಉಗುರಿನ ಸಂದಿಯಲ್ಲಿ, ಬೆರಳಿನ ಗೆರೆಗಳ ಒಳಗೆಲ್ಲ ಸೇರಿಕೊಂಡಿತ್ತು. ಒದ್ದೆ ಬಟ್ಟೆಯಲ್ಲಿ ಉಜ್ಜಿದರೂ ಪೂರ್ತಿ ಹೋಗಲಿಲ್ಲ. “ಇದೇನಜ್ಜಿ?” ಅಂದರೆ ಅವರೂ ಬೇರೆಯವರ ಬೆರಳು ನೋಡಿದ ಹಾಗೆ ನೋಡಿಕೊಂಡರು. ಆಮೇಲೆ ಗೊತ್ತಾಯಿತು, ಮನೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವ ಕಾಗದಕ್ಕೆ ದೊಡ್ಡಪ್ಪ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು.

ದೊಡ್ಡಪ್ಪ ದೈವಭಕ್ತರು. ತೋರಿಕೆಗಲ್ಲ, ನಿಜವಾಗಿಯೂ. ನಾನು ದೇವರನ್ನು ನಂಬುವುದು ಬಿಟ್ಟು ಎಂಟು ವರ್ಷ ಆಯಿತು. “ಇದು ತಪ್ಪಲ್ವಾ ದೊಡ್ಡಪ್ಪ?” ಅಂತ ಕೇಳಿದ್ದಕ್ಕೆ ಅವರು ಸಿಟ್ಟಾಗಲಿಲ್ಲ. ನಕ್ಕರು. “ತಪ್ಪು ಸರಿ ಅನ್ನೋದೆಲ್ಲ ದೇವರಿಗೆ ಲೆಕ್ಕ ಒಪ್ಪಿಸುವವರ ಮಾತು ಕಣೋ. ನಿನಗೆ ದೇವರೇ ಇಲ್ಲ. ನಿನ್ನ ಪ್ರಕಾರ ಅದು ತಪ್ಪು, ನನ್ನ ಪ್ರಕಾರ ಸರಿ. ಸೆಕ್ಯುಲರ್ ಜನ ಹೇಳೋದೂ ಅಷ್ಟೇ ಅಲ್ವಾ?” ಅಂದರು.

ನನ್ನ ಬಾಯಿ ಕಟ್ಟಿಹೋಯಿತು. ಯಾಕೆಂದರೆ ಒಳ್ಳೆಯದು ಕೆಟ್ಟದ್ದು ಎಲ್ಲ ಅವರವರ ಕಾಲಕ್ಕೆ, ಅವರವರ ಸಮಾಜಕ್ಕೆ ಬಿಟ್ಟಿದ್ದು ಅಂತ ನಾನೇ ಎಷ್ಟೋ ಸಲ ವಾದ ಮಾಡಿದ್ದೇನೆ. ಈಗ ಆ ಮಾತೇ ತಿರುಗಿ ಬಂದು ನನಗೇ ಬಡಿದಿದೆ. ದೇವರನ್ನು ಬಿಟ್ಟರೆ ಕೆಡುಕು ಅನ್ನುವುದು ಬರೀ ಅಭಿಪ್ರಾಯ ಆಗಿಬಿಡುತ್ತದಾ? ಸಮಾಧಾನ ಹೇಳುವುದು ಬೇಡ, ಉತ್ತರ ಬೇಕು.

ಮುಂಜಾವು

ನಾನು ದೇವರನ್ನು ನಂಬುವವಳು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ದೊಡ್ಡಪ್ಪ ಮಾಡಿದ್ದು ತಪ್ಪು. ಎರಡು ಮಾತಿಲ್ಲ. ಆದರೆ ಅವರ ಬಾಯಿಂದ ಬಂತು ಅನ್ನುವ ಕಾರಣಕ್ಕೆ ಆ ಪ್ರಶ್ನೆ ಕೆಟ್ಟ ಪ್ರಶ್ನೆ ಆಗುವುದಿಲ್ಲ.

ಸಾಲ ಇದೆ ಅಂದರೆ ಸಾಲ ಕೊಟ್ಟವರು ಯಾರೋ ಇರಬೇಕು. ‘ಹೀಗೆ ಮಾಡಬಾರದು’ ಅನ್ನುವುದೂ ಹಾಗೇ. ಯಾರಿಗೆ ಬಾಕಿ? ನಿಮ್ಮ ಅಜ್ಜಿಗೆ ನೆನಪಿಲ್ಲ, ನೋವಾಗಿಲ್ಲ, ಏನು ಕಳೆದುಕೊಂಡೆ ಅಂತಲೂ ಗೊತ್ತಿಲ್ಲ. ನೀವು ಒಂದು ವಾರ ಬಿಟ್ಟು ಹೋಗಿದ್ದರೆ ಶಾಯಿಯೂ ಅಳಿಸಿರುತ್ತಿತ್ತು. ಆಗ ಆ ತಪ್ಪು ಎಲ್ಲಿರುತ್ತಿತ್ತು? ನೋಡುತ್ತಿರುವವನು ಒಬ್ಬನಿದ್ದಾನೆ, ಅವನ ಹತ್ತಿರ ಇರುತ್ತಿತ್ತು ಅಂತ ನಾನು ಹೇಳಬಲ್ಲೆ. ನೀವು ಏನು ಹೇಳುತ್ತೀರಿ? ಇದು ಚುಚ್ಚು ಮಾತಲ್ಲ, ನಿಜವಾಗಿ ಕೇಳುತ್ತಿದ್ದೇನೆ. ಸಮಾಜ ಒಪ್ಪಲ್ಲ ಅಂತೀರಾ? ಸಮಾಜ ಇದಕ್ಕಿಂತ ಕೆಟ್ಟದ್ದನ್ನೆಲ್ಲ ಒಪ್ಪಿಕೊಂಡು ಕೂತಿದ್ದನ್ನು ನೋಡಿದ್ದೇವೆ.

ಇನ್ನೊಂದು. ದೇವರ ಹೆಸರಲ್ಲಿ ಆದ ಕೆಡುಕಿನ ಪಟ್ಟಿ ಹಿಡಿದುಕೊಂಡು ಈಗ ಯಾರೋ ಬರುತ್ತಾರೆ, ಗೊತ್ತು. ದೇವರೇ ಇಲ್ಲ ಅಂತ ಸಾರಿದ ಸ್ಟಾಲಿನ್ ಕಾಲದ ಲೆಕ್ಕವನ್ನೂ ಜೊತೆಗೆ ತನ್ನಿ.

ಎರಡನೇ ಓದು

ಮುಂಜಾವು ಅವರೇ, ಪಟ್ಟಿ ತರುವುದಿಲ್ಲ. ಆ ಆಟದಲ್ಲಿ ಯಾರೂ ಗೆಲ್ಲುವುದಿಲ್ಲ.

ಸುಮಾರು 2400 ವರ್ಷದ ಹಿಂದೆ ಸಾಕ್ರಟೀಸ್ ಕೇಳಿದ ಪ್ರಶ್ನೆ ಒಂದಿದೆ, ಹೆಚ್ಚುಕಡಿಮೆ ಹೀಗೆ: ದೇವರು ಮೆಚ್ಚಿದ್ದರಿಂದ ಅದು ಒಳ್ಳೆಯದಾಯಿತೋ, ಒಳ್ಳೆಯದಾದ್ದರಿಂದ ದೇವರು ಮೆಚ್ಚಿದನೋ? ಮೊದಲನೆಯದು ಅಂದರೆ, ನಾಳೆ ದೇವರು ಮರೆವಿನ ಮುದುಕಿಯಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದೇ ಪುಣ್ಯ ಅಂದರೆ ಅದು ಪುಣ್ಯವೇ ಆಗಬೇಕು. ದೇವರು ಹಾಗೆ ಎಂದೂ ಹೇಳುವುದಿಲ್ಲ ಅಂತೀರಿ. ಯಾಕೆ ಹೇಳುವುದಿಲ್ಲ? ಅವನು ಒಳ್ಳೆಯವನು, ಅದು ಅವನ ಸ್ವಭಾವ ಅಂತೀರಿ. ಇದು ಸುಮ್ನೆ ತಳ್ಳಿಹಾಕುವ ಉತ್ತರ ಅಲ್ಲ, ದೊಡ್ಡ ದೊಡ್ಡವರು ಕೊಟ್ಟಿದ್ದು. ಆದರೆ ಆ ಸ್ವಭಾವ ‘ಒಳ್ಳೆಯದು’ ಅಂತ ಗುರುತಿಸಿದ್ದು ಯಾವ ಅಳತೆಯಿಂದ? ಆ ಅಳತೆ ನಮ್ಮ ಕೈಯಲ್ಲಿ ಮೊದಲೇ ಇತ್ತು ಅಲ್ವಾ?

ಇದಕ್ಕೆ ಗ್ರೀಸ್‌ವರೆಗೆ ಹೋಗಬೇಕಾಗಿಯೂ ಇಲ್ಲ. ದಯೆ ಇಲ್ಲದ ಧರ್ಮ ಯಾವುದಯ್ಯಾ ಅಂತ 12ನೇ ಶತಮಾನದಲ್ಲಿ ಬಸವಣ್ಣ ಕೇಳಿದ್ದು ಇಲ್ಲಿ ಎಲ್ಲರಿಗೂ ಬಾಯಿಪಾಠ. ಆ ಮಾತಿನಲ್ಲಿ ಯಾವುದರಿಂದ ಯಾವುದನ್ನು ಅಳೆಯುತ್ತಿದ್ದಾರೆ ನೋಡಿ. ದಯೆಯಿಂದ ಧರ್ಮವನ್ನು ಅಳೆಯುತ್ತಿದ್ದಾರೆ, ಧರ್ಮದಿಂದ ದಯೆಯನ್ನಲ್ಲ. ಹಾಗೆ ಅಳೆದವರು ನಾಸ್ತಿಕರಲ್ಲ, ಶಿವನಿಗೆ ಜೀವವನ್ನೇ ಒಪ್ಪಿಸಿದ್ದ ಭಕ್ತ.

ಇನ್ನು ನಿಮ್ಮ ಸಾಲದ ಪ್ರಶ್ನೆ. ಯಾರಿಗೆ ಬಾಕಿ ಅಂದರೆ ಅಜ್ಜಿಗೆ. ಅಷ್ಟು ಸರಳ. ನಿದ್ದೆ ಮಾಡುತ್ತಿದ್ದವನ ಜೇಬಿನಿಂದ ದುಡ್ಡು ಎತ್ತಿದರೆ, ಅವನು ಏಳುವವರೆಗೆ ಕಳ್ಳತನ ಆಗಿಲ್ಲ ಅಂತ ಯಾರೂ ಹೇಳುವುದಿಲ್ಲ. ಅವನು ಏಳದೇ ಹೋದರೂ ಹೇಳುವುದಿಲ್ಲ. ನೋಡುವವನು ಇದ್ದರೆ ಸಿಕ್ಕಿಬೀಳುವ ಭಯ ಬರುತ್ತದೆ, ಅದು ಒಪ್ಪುತ್ತೇನೆ. ತಪ್ಪು ಅದಕ್ಕೂ ಮೊದಲೇ ಆಗಿಹೋಗಿರುತ್ತದೆ.

ಪಕ್ಕದ ಸೀಟು

ತತ್ವಶಾಸ್ತ್ರ ಆಮೇಲೆ. ಮೊದಲು ಒಬ್ಬ ವಕೀಲರನ್ನು ನೋಡಿ. ಕಾಗದ ರಿಜಿಸ್ಟರ್ ಆಗಿದೆಯಾ ಇಲ್ವಾ ಅಂತ ತಿಳಿದುಕೊಳ್ಳಿ, ಅಜ್ಜಿಯ ಕಾಯಿಲೆಯ ಚೀಟಿಗಳೆಲ್ಲ ಎತ್ತಿಟ್ಟುಕೊಳ್ಳಿ.

ತಿರುಗುಬಾಣ

ಎಲ್ಲರೂ ಇಷ್ಟು ಖಚಿತವಾಗಿ ಮಾತಾಡುವುದು ನೋಡಿ ಆಶ್ಚರ್ಯ ಆಗುತ್ತಿದೆ. ಹಳೆಯ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳಿದ ಒಂದು ಕಥೆ ಇದೆ. ಪರ್ಷಿಯಾದ ದೊರೆ ಡೇರಿಯಸ್ ಗ್ರೀಕರನ್ನು ಕರೆಸಿ, ಎಷ್ಟು ಹಣ ಕೊಟ್ಟರೆ ಸತ್ತ ಅಪ್ಪನನ್ನು ತಿನ್ನುತ್ತೀರಿ ಅಂತ ಕೇಳಿದನಂತೆ. ಎಷ್ಟು ಕೊಟ್ಟರೂ ಇಲ್ಲ ಅಂದರು. ಆಮೇಲೆ ತಂದೆ ತಾಯಿಯ ದೇಹವನ್ನು ತಿನ್ನುವ ಪದ್ಧತಿ ಇದ್ದ ಇನ್ನೊಂದು ಜನರನ್ನು ಕರೆಸಿ, ಎಷ್ಟು ಕೊಟ್ಟರೆ ಸುಡುತ್ತೀರಿ ಅಂತ ಕೇಳಿದ. ಅವರು ಕಿರುಚಿಕೊಂಡು, ಅಂಥ ಮಾತು ಆಡಲೇಬೇಡ ಅಂದರು. ಒಬ್ಬರಿಗೆ ಪವಿತ್ರವಾದದ್ದು ಇನ್ನೊಬ್ಬರಿಗೆ ಹೇಸಿಗೆ. ಇದರಲ್ಲಿ ಯಾರು ಸರಿ ಅಂತ ಮೇಲೆ ಕೂತು ತೀರ್ಪು ಕೊಡುವವರು ಯಾರು? 1947ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞರ ಸಂಘವೇ ವಿಶ್ವಸಂಸ್ಥೆಗೆ ಬರೆದಿತ್ತು, ಒಂದು ಸಂಸ್ಕೃತಿಯ ಮೌಲ್ಯವನ್ನು ಇಡೀ ಮನುಷ್ಯಕುಲದ ಮೇಲೆ ಹೊರಿಸಲು ಬರುವುದಿಲ್ಲ ಅಂತ. ದೊಡ್ಡಪ್ಪನದು ನನಗೂ ಇಷ್ಟವಾಗಲಿಲ್ಲ. ಆದರೆ ‘ಇಷ್ಟವಾಗಲಿಲ್ಲ’ ಅನ್ನುವುದಕ್ಕಿಂತ ಮುಂದೆ ಹೋಗಲು ನನ್ನ ಹತ್ತಿರ ಏನೂ ಇಲ್ಲ.

ಎರಡನೇ ಓದು

ತಿರುಗುಬಾಣ ಅವರೇ, ಕಥೆ ಚೆನ್ನಾಗಿದೆ. ಆದರೆ ಅದನ್ನು ಇನ್ನೊಂದು ಸಾಲು ಮುಂದುವರಿಸಿ. ಡೇರಿಯಸ್ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ, ಅಪ್ಪನ ಹೆಣವನ್ನು ತಿಪ್ಪೆಗೆ ಎಸೆದು ಬನ್ನಿ ಅಂದಿದ್ದರೆ? ಇಬ್ಬರೂ ಒಟ್ಟಿಗೇ ಕಿರುಚುತ್ತಿದ್ದರು. ಸುಡುವುದೋ ತಿನ್ನುವುದೋ ಅನ್ನುವುದರಲ್ಲಿ ಜಗಳ ಇದೆ, ಸತ್ತವರಿಗೆ ಗೌರವ ಕೊಡಬೇಕು ಅನ್ನುವುದರಲ್ಲಿ ಇಲ್ಲ. ಎಲ್ಲರೂ ಒಪ್ಪಿದ ಮಾತ್ರಕ್ಕೆ ಅದು ನಿಜ ಅಂತ ನಾನು ಹೇಳುತ್ತಿಲ್ಲ. ಒಪ್ಪದೇ ಇರುವುದು ನೀವು ಅಂದುಕೊಂಡಷ್ಟು ಆಳಕ್ಕೆ ಇಳಿದಿಲ್ಲ ಅಂತ ಮಾತ್ರ.

ಇನ್ನು ಗುಲಾಮಗಿರಿ ತೆಗೆದುಕೊಳ್ಳಿ. ಬ್ರಿಟನ್ ಗುಲಾಮರ ವ್ಯಾಪಾರ ನಿಲ್ಲಿಸಿದ್ದು 1807ರಲ್ಲಿ, ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡುವ ಕಾನೂನು ಬಂದಿದ್ದು 1833ರಲ್ಲಿ. ಅದಕ್ಕಿಂತ 50 ವರ್ಷ ಮೊದಲು ಇದು ತಪ್ಪು ಅಂತ ಕೂಗಿದ ಬೆರಳೆಣಿಕೆಯ ಜನ ಇದ್ದರಲ್ಲ, ಸರಿ ತಪ್ಪು ಅನ್ನುವುದು ಸಮಾಜ ಒಪ್ಪಿದ್ದು ಮಾತ್ರ ಆದರೆ, ಅವತ್ತಿಗೆ ಅವರೇ ತಪ್ಪಿತಸ್ಥರು ಅಂತಾಗುತ್ತದೆ. 1833ರ ನಂತರ ಇದ್ದಕ್ಕಿದ್ದ ಹಾಗೆ ಸರಿಯಾದರು. ಇದನ್ನು ನಂಬಲು ನನಗೆ ಆಗುವುದಿಲ್ಲ, ನಿಮಗೂ ಆಗುವುದಿಲ್ಲ ಅಂದುಕೊಂಡಿದ್ದೇನೆ. ಮುಂಜಾವು ಅವರಿಗೂ ಒಂದು ಮಾತು: ಆ ಜಗಳದಲ್ಲಿ ಪರ ಇದ್ದವರ ಕೈಯಲ್ಲೂ ವಿರೋಧ ಇದ್ದವರ ಕೈಯಲ್ಲೂ ಒಂದೇ ಬೈಬಲ್ ಇತ್ತು.

1947ರ ಪತ್ರದ ಮುಂದಿನ ವರ್ಷ ಏನಾಯಿತು ಅಂತಲೂ ನೋಡಿ. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯಲ್ಲಿ ಮಾನವ ಹಕ್ಕುಗಳ ಘೋಷಣೆ ಮತದಾನಕ್ಕೆ ಬಂತು. ಪರವಾಗಿ 48, ವಿರೋಧ ಒಂದೂ ಇಲ್ಲ, ಮತ ಹಾಕದೆ ಕೂತವರು 8. ಆ ಎಂಟರಲ್ಲಿ ಸೌದಿ ಅರೇಬಿಯಾ ಇತ್ತು, ಸೋವಿಯತ್ ಒಕ್ಕೂಟವೂ ಇತ್ತು, ವರ್ಣಭೇದದ ದಕ್ಷಿಣ ಆಫ್ರಿಕಾವೂ ಇತ್ತು. ದೇವರ ಹೆಸರಲ್ಲಿ ಆಳುವವರೂ ದೇವರಿಲ್ಲ ಅಂತ ಆಳುವವರೂ ಅಕ್ಕಪಕ್ಕ ಕೈಕಟ್ಟಿ ಕೂತಿದ್ದರು. ನಂಬಿಕೆ ಒಂದು ಕಡೆ, ನಾಸ್ತಿಕತೆ ಇನ್ನೊಂದು ಕಡೆ ಅಂತ ಗೆರೆ ಎಳೆಯುವವರಿಗೆ ನಾನು ಯಾವಾಗಲೂ ಇದನ್ನು ತೋರಿಸುತ್ತೇನೆ.

ರಾತ್ರಿಪಾಳಿ

ಮುಖ್ಯವಾದ ಒಂದು ಗೋಜಲು ಹಾಗೇ ಉಳಿದಿದೆ. ದೊಡ್ಡಪ್ಪ ಸೆಕ್ಯುಲರ್ ಅನ್ನುವ ಪದ ಯಾಕೆ ತಂದರು? ಜಾತ್ಯತೀತತೆ ಅನ್ನಿ, ಧರ್ಮನಿರಪೇಕ್ಷತೆ ಅನ್ನಿ, ಅದಕ್ಕೂ ‘ಎಲ್ಲ ಅವರವರ ಪ್ರಕಾರ’ ಅನ್ನುವುದಕ್ಕೂ ಸಂಬಂಧವೇ ಇಲ್ಲ. ದೇವರ ವಿಷಯದಲ್ಲಿ ಸರ್ಕಾರ ಯಾರ ಪಕ್ಷವನ್ನೂ ವಹಿಸಬಾರದು ಅನ್ನುವುದು ಒಂದು ಮಾತು. ಕೊಲೆ, ಮೋಸದ ವಿಷಯದಲ್ಲೂ ವಹಿಸಬಾರದು ಅಂತ ಯಾವ ಸೆಕ್ಯುಲರ್ ದೇಶವೂ ಹೇಳಿಲ್ಲ.

‘ಸೆಕ್ಯುಲರಿಸಂ’ ಅನ್ನುವ ಪದವನ್ನು 1851ರಲ್ಲಿ ಟಂಕಿಸಿದ ಇಂಗ್ಲೆಂಡಿನ ಜಾರ್ಜ್ ಹೋಲಿಯೋಕ್ ನಾಸ್ತಿಕ ಸರಿ. ಆದರೆ ಆ ಯೋಚನೆ ಅವನಿಗಿಂತ 200 ವರ್ಷ ಹಳೆಯದು, ಮತ್ತು ಅದನ್ನು ಹಿಡಿದು ಹೊರಟವರಲ್ಲಿ ಒಬ್ಬ ಕಟ್ಟಾ ಭಕ್ತ. ರೋಜರ್ ವಿಲಿಯಮ್ಸ್ ಅಂತ, ಪಾದ್ರಿ. ಮನಸ್ಸಾಕ್ಷಿಯ ವಿಷಯದಲ್ಲಿ ಸರ್ಕಾರ ಯಾರನ್ನೂ ಶಿಕ್ಷಿಸಬಾರದು ಅಂತ ವಾದ ಮಾಡಿದ್ದಕ್ಕೆ 1635ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಿಂದ ಅವನನ್ನು ಗಡಿಪಾರು ಮಾಡಿದರು. ಮರುವರ್ಷ ಪ್ರಾವಿಡೆನ್ಸ್ ಅನ್ನುವ ಊರು ಕಟ್ಟಿದ. ಅವನ ಕಾರಣ ನೋಡಿ: ಬಲವಂತದಿಂದ ಮಾಡಿಸಿದ ಪ್ರಾರ್ಥನೆ ದೇವರಿಗೇ ಅವಮಾನ. ಅಂದರೆ ಅವನು ಸರ್ಕಾರವನ್ನು ದೇವರಿಂದ ದೂರ ಇಟ್ಟಿದ್ದು ದೇವರಿಗೋಸ್ಕರ. ಅವನಿಗೆ ಒಳ್ಳೆಯದು ಕೆಟ್ಟದ್ದು ಸಾಪೇಕ್ಷ, ಅಂದರೆ ಅವರವರ ಪ್ರಕಾರ, ಆಗಿರಲಿಲ್ಲ, ಅದು ಖಂಡಿತ.

ಪಕ್ಕದ ಸೀಟು ಅವರು ವಕೀಲರನ್ನು ನೋಡಿ ಅಂದರಲ್ಲ, ಅದರಲ್ಲೇ ಅರ್ಧ ಉತ್ತರ ಇದೆ ಅಂತ ನನಗೆ ಅನಿಸಿತು. ವಿಷಯ ಕೋರ್ಟಿಗೆ ಹೋದರೆ ನೀವು ದೇವರನ್ನು ನಂಬುತ್ತೀರಾ, ದೊಡ್ಡಪ್ಪ ನಂಬುತ್ತಾರಾ ಅಂತ ನ್ಯಾಯಾಧೀಶರು ಕೇಳುವುದಿಲ್ಲ. ಕೇಳುವುದು ಒಂದೇ, ಹೆಬ್ಬೆಟ್ಟು ಒತ್ತುವಾಗ ಆ ಕಾಗದ ಏನು ಅಂತ ಅಜ್ಜಿಗೆ ತಿಳಿದಿತ್ತಾ? ಆ ಪ್ರಶ್ನೆಗೆ ಆಸ್ತಿಕನೂ ನಾಸ್ತಿಕನೂ ಒಂದೇ ಸಾಕ್ಷಿ ನೋಡಿ ಒಂದೇ ಉತ್ತರ ಕೊಡಬಹುದು.

ಒಂದು ಎಚ್ಚರಿಕೆ ಅಷ್ಟೇ. ‘ಸಂದರ್ಭಕ್ಕೆ ತಕ್ಕಂತೆ’ ಅನ್ನುವುದೂ ‘ಸಾಪೇಕ್ಷ’ ಅನ್ನುವುದೂ ಬೇರೆ ಬೇರೆ. ಮಗುವಿಗೆ ಅರ್ಧ ಮಾತ್ರೆ, ದೊಡ್ಡವರಿಗೆ ಒಂದು. ಹಾಗಂತ ಔಷಧ ಯಾವುದು ವಿಷ ಯಾವುದು ಅನ್ನುವುದು ಅವರವರ ಇಷ್ಟ ಆಗುವುದಿಲ್ಲ. ಬಚ್ಚಿಟ್ಟುಕೊಂಡವನನ್ನು ಹುಡುಕಿ ಬಂದ ಕೊಲೆಗಾರನಿಗೂ ಸುಳ್ಳು ಹೇಳಬಾರದು ಅಂತ ಜರ್ಮನ್ ತತ್ವಜ್ಞಾನಿ ಕಾಂಟ್ 1797ರಲ್ಲಿ ಬರೆದ. ಅಷ್ಟು ಬಿಗಿ ಆಗಬೇಕಿಲ್ಲ. ನಾನಂತೂ ಸುಳ್ಳು ಹೇಳುತ್ತೇನೆ, ಒಂದಲ್ಲ ನಾಲ್ಕು.

ಮುಂಜಾವು

ರಾತ್ರಿಪಾಳಿ ಅವರ ಮಾತು ಒಪ್ಪಿದೆ, ಬೈಬಲ್ ಮಾತೂ ಒಪ್ಪಿದೆ. ಆದರೂ ಎರಡನೇ ಓದು ಅವರೇ, ಅಜ್ಜಿಗೆ ಬಾಕಿ ಅಂದಿರಲ್ಲ, ಅಜ್ಜಿಗೇ ಯಾಕೆ ಬಾಕಿ ಇರಬೇಕು ಅನ್ನುವುದಕ್ಕೆ ನಿಮ್ಮ ಹತ್ತಿರ ಇನ್ನೂ ಉತ್ತರ ಇಲ್ಲ. ನನ್ನ ಹತ್ತಿರ ಇದೆ, ಅವರು ದೇವರ ಮಗು. ನಿಮಗೆ ಅದು ಬೇಡ. ಇರಲಿ. ಇಬ್ಬರೂ ಅದೇ ಅಜ್ಜಿಯ ಪಕ್ಕ ನಿಂತಿದ್ದೇವೆ ಅನ್ನುವುದು ನನಗೆ ಸದ್ಯಕ್ಕೆ ಸಾಕು.

ಹೊಸಬ ಅವರೇ, ದೊಡ್ಡಪ್ಪನಿಗೆ ಒಂದು ಪ್ರಶ್ನೆ ಕೇಳಿ ನೋಡಿ. ನಾಳೆ ಅವರಿಗೂ ಮರೆವು ಬಂದು, ಅವರ ಮಕ್ಕಳು ಅವರ ಬೆರಳಿಗೆ ಶಾಯಿ ಹಚ್ಚಿದರೆ, ಆಗಲೂ ಅವರವರ ಪ್ರಕಾರವೇನಾ?

ಹೊಸಬ

ಎಲ್ಲರಿಗೂ ಥ್ಯಾಂಕ್ಸ್. ‘ಎಲ್ಲ ಸಮಾಜಕ್ಕೆ ಬಿಟ್ಟಿದ್ದು’ ಅಂತ ನಾನು ಇಷ್ಟು ದಿನ ಹೇಳುತ್ತಿದ್ದದ್ದು ಯೋಚನೆ ಮಾಡಿ ಹೇಳಿದ್ದಲ್ಲ, ಜಗಳ ಬೇಡ ಅಂತ ಹೇಳುತ್ತಿದ್ದದ್ದು. ಅದು ಈಗ ಗೊತ್ತಾಯಿತು. ಅಜ್ಜಿಗೇ ಯಾಕೆ ಬಾಕಿ ಅನ್ನುವ ಮುಂಜಾವು ಅವರ ಪ್ರಶ್ನೆಗೆ ಮಾತ್ರ ನನ್ನ ಹತ್ತಿರವೂ ಇನ್ನೂ ಉತ್ತರ ಇಲ್ಲ.

ವಕೀಲರನ್ನು ನೋಡಿ ಬಂದೆ. ಕಾಗದ ಇನ್ನೂ ರಿಜಿಸ್ಟರ್ ಆಗಿಲ್ಲ.

ಮುಂಜಾವು ಅವರೇ, ನಿನ್ನೆ ದೊಡ್ಡಪ್ಪನಿಗೆ ಶಾಯಿಯ ಆ ಪ್ರಶ್ನೆ ಕೇಳಿದೆ, ನೀವು ಹೇಳಿದ ಹಾಗೇ. ತುಂಬ ಹೊತ್ತು ಮಾತಾಡಲಿಲ್ಲ. ಫೋನ್ ಕಟ್ ಆಯಿತು ಅಂದುಕೊಂಡೆ. ಆಮೇಲೆ ಹೇಳಿದರು, “ನನ್ನ ಮಕ್ಕಳು ಅಂಥ ಕೆಲಸ ಮಾಡೋರಲ್ಲ.”