ನ್ಯಾಟ್ಪಿ ಮುಳುಗಿದ್ದು ಕೋವಿಡ್‌ನಿಂದಲೇ?

ಸಂಜೆ ಏಳೂವರೆ:
ಅಮೆರಿಕದ ಟಿವಿ ಕಾರ್ಯಕ್ರಮ ನಿರ್ವಾಹಕರ ಸಂಘ ನ್ಯಾಟ್ಪಿ ಹುಟ್ಟಿದ್ದು 1963ರಲ್ಲಿ. 2022ರ ಅಕ್ಟೋಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಕೇಳಿದವರೆಲ್ಲ ಕೋವಿಡ್ ಎನ್ನುತ್ತಾರೆ. 1996ರಲ್ಲೇ ಅದರ ಬೇರು ಕೊಯ್ದಾಗಿತ್ತು ಎಂಬುದು ನನ್ನ ವಾದ.

ಹಳೆಯ ಆಂಟೆನಾ:
ಒಪ್ಪುವುದಿಲ್ಲ. ಟಿವಿ ಕಾರ್ಯಕ್ರಮಗಳನ್ನು ಮಾರುವ, ಕೊಳ್ಳುವ ಸಂತೆಯನ್ನು ವರ್ಷಕ್ಕೊಮ್ಮೆ ನೆರೆಸಿ, ಮಳಿಗೆ ಬಾಡಿಗೆ ಮತ್ತು ಪ್ರವೇಶ ಶುಲ್ಕದಲ್ಲಿ ಬದುಕುತ್ತಿದ್ದ ಸಂಘ ಅದು. 2022ರ ಜನವರಿಯ ಮಿಯಾಮಿ ಸಮಾವೇಶ ಓಮಿಕ್ರಾನ್‌ನಿಂದಾಗಿ ರದ್ದಾಯಿತು. ಸಂತೆಯೇ ನೆರೆಯದಿದ್ದರೆ ಸುಂಕ ಎಲ್ಲಿಂದ ಬರಬೇಕು?

ಕುತೂಹಲಿ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಎನ್‌ಬಿಸಿ, ಸಿಬಿಎಸ್‌ನಂಥ ದೇಶವ್ಯಾಪಿ ನೆಟ್‌ವರ್ಕ್‌ಗಳೇ ಕಾರ್ಯಕ್ರಮ ಕೊಡುವಾಗ ಅಲ್ಲಿನ ಊರೂರಿನ ಟಿವಿ ನಿಲ್ದಾಣಗಳು ಸಂತೆಗೆ ಹೋಗಿ ಕೊಳ್ಳುತ್ತಿದ್ದುದೇನನ್ನು?

ಸಂಜೆ ಏಳೂವರೆ:
ಒಳ್ಳೆಯ ಪ್ರಶ್ನೆ, ವಾದದ ತಿರುಳೇ ಅದು. ನೆಟ್‌ವರ್ಕ್ ದಿನವಿಡೀ ಕಾರ್ಯಕ್ರಮ ಕೊಡುವುದಿಲ್ಲ. ಉಳಿದ ಹೊತ್ತನ್ನು ಸ್ಥಳೀಯ ನಿಲ್ದಾಣವೇ ತುಂಬಿಕೊಳ್ಳಬೇಕು. 1970ರಲ್ಲಿ ಅಮೆರಿಕದ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಎರಡು ನಿಯಮ ತಂದಿತು. ಒಂದರ ಪ್ರಕಾರ, ಐವತ್ತು ದೊಡ್ಡ ಮಾರುಕಟ್ಟೆಗಳಲ್ಲಿ ನೆಟ್‌ವರ್ಕ್ ಜತೆಗಿರುವ ನಿಲ್ದಾಣಗಳು ಸಂಜೆಯ ನಾಲ್ಕು ಗಂಟೆಗಳ ಮುಖ್ಯ ಅವಧಿಯಲ್ಲಿ ಮೂರು ಗಂಟೆಗಿಂತ ಹೆಚ್ಚು ನೆಟ್‌ವರ್ಕ್ ಕಾರ್ಯಕ್ರಮ ಹಾಕುವಂತಿಲ್ಲ. ಇನ್ನೊಂದು, ನೆಟ್‌ವರ್ಕ್‌ಗಳು ಸಿಂಡಿಕೇಷನ್ ವ್ಯಾಪಾರಕ್ಕೇ, ಅಂದರೆ ಕಾರ್ಯಕ್ರಮಗಳನ್ನು ಒಂದೊಂದು ನಿಲ್ದಾಣಕ್ಕೂ ಬಿಡಿಬಿಡಿಯಾಗಿ ಮಾರುವ ಕೆಲಸಕ್ಕೇ, ಇಳಿಯುವಂತಿಲ್ಲ ಎಂದಿತು. ಸಂಜೆ ಸುಮಾರು ಏಳೂವರೆಯ ಆ ಬಂಗಾರದಂಥ ಹೊತ್ತು ಹೊರಗಿನ ವ್ಯಾಪಾರಿಗಳಿಗೆ ತೆರೆದುಕೊಂಡಿತು. 1983ರಲ್ಲಿ ‘ವೀಲ್ ಆಫ್ ಫಾರ್ಚೂನ್’ನ ಸಂಜೆಯ ಆವೃತ್ತಿಯನ್ನು ಕಿಂಗ್ ವರ್ಲ್ಡ್ ಕಂಪನಿ ಮಾರಿದ್ದು ಹೀಗೆ. ಕೆಲವು ಕಾರ್ಯಕ್ರಮಗಳಿಗೆ ನಗದು, ಕೆಲವಕ್ಕೆ ನಗದಿನ ಬದಲು ಜಾಹೀರಾತಿನ ನಿಮಿಷಗಳು. ಒಂದೊಂದು ಊರಿನ ನಿಲ್ದಾಣದ ಜತೆಗೂ ಬೇರೆ ಬೇರೆ ಚೌಕಾಸಿ. ಅಷ್ಟೂ ಜನರನ್ನು ಒಂದೇ ಸೂರಿನಡಿ ಸೇರಿಸುವವರು ಬೇಕಿತ್ತು. ನ್ಯಾಟ್ಪಿ ಕೊಬ್ಬಿದ್ದು ಅದರಿಂದಲೇ.

(ನನ್ನ ಹೆಸರು ಎಲ್ಲಿಂದ ಬಂತೆಂದು ಈಗ ತಿಳಿಯಿತಲ್ಲ.)

ಲೆಕ್ಕಿಗ:
1995ರಲ್ಲಿ ನೆಟ್‌ವರ್ಕ್‌ಗಳ ಮೇಲಿನ ಸಿಂಡಿಕೇಷನ್ ವ್ಯಾಪಾರದ ನಿಷೇಧ ಹೋಯಿತು, 1996ರಲ್ಲಿ ಮೂರು ಗಂಟೆಯ ಮಿತಿಯೂ ಹೋಯಿತು. ಅದೇ ವರ್ಷದ ದೂರಸಂಪರ್ಕ ಕಾಯ್ದೆ, ಒಬ್ಬ ಒಡೆಯ ದೇಶದಲ್ಲಿ ಹನ್ನೆರಡು ಟಿವಿ ನಿಲ್ದಾಣಗಳನ್ನಷ್ಟೇ ಇಟ್ಟುಕೊಳ್ಳಬಹುದೆಂಬ ಮಿತಿಯನ್ನು ಕಿತ್ತುಹಾಕಿತು. ನನಗೆ ಮುಖ್ಯವೆನಿಸುವುದು ಈ ಮೂರನೆಯದೇ. ಹತ್ತಾರು ನಿಲ್ದಾಣಗಳಿಗೆ ಒಬ್ಬನೇ ಕುಳಿತು ಕೊಳ್ಳುವಾಗ ಅವನಿಗೆ ಒಂದು ಫೋನ್ ಸಾಕು, ಸಂತೆ ಬೇಡ.

ಇನ್ನೊಂದು ತಮಾಷೆ ಕೇಳಿ. ಆ 1970ರ ನಿಯಮಕ್ಕಾಗಿ ಸಿಬಿಎಸ್ ತನ್ನ ಸಿಂಡಿಕೇಷನ್ ವಿಭಾಗವನ್ನು 1971ರಲ್ಲಿ ಬೇರೆ ಹಾಕಿತು. ಅದೇ ವಯಾಕಾಮ್. ಮನೆಯಿಂದ ಬೇರೆ ಹಾಕಿದ ಆ ಮಗ 2000ದಲ್ಲಿ ಬಂದು ತಂದೆಯ ಮನೆಯನ್ನೇ ಕೊಂಡುಕೊಂಡ. ಅಷ್ಟರಲ್ಲಿ ಕಿಂಗ್ ವರ್ಲ್ಡ್ ಕೂಡ ಸಿಬಿಎಸ್ ಪಾಲಾಗಿತ್ತು.

ಹಳೆಯ ಆಂಟೆನಾ:
ಬೇರು ಕೊಯ್ದ ಮರ ಇಪ್ಪತ್ತಾರು ವರ್ಷ ನಿಂತಿತೇ? 2011ರಲ್ಲಿ ಮಿಯಾಮಿಗೆ ಹೋಗಿ ಲ್ಯಾಟಿನ್ ಅಮೆರಿಕದ ಗಿರಾಕಿಗಳನ್ನು ಹಿಡಿಯಿತು. ಬುಡಾಪೆಸ್ಟ್‌ನ ಸಂತೆಯನ್ನೂ ತನ್ನದಾಗಿಸಿಕೊಂಡಿತು. ಸಾಯುತ್ತಿರುವವರು ಇಷ್ಟು ಓಡಾಡುವುದಿಲ್ಲ.

ಲೆಕ್ಕಿಗ:
ಮನೆಯಲ್ಲಿ ಗಿರಾಕಿ ತಪ್ಪಿದ್ದಕ್ಕೇ ಹೊರಗೆ ಅಲೆಯಬೇಕಾಯಿತು, ಆಂಟೆನಾ ಅವರೇ. 2002ರಲ್ಲಿ ಲಾಸ್ ವೇಗಸ್‌ನಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ. ದೊಡ್ಡ ಸ್ಟುಡಿಯೋಗಳು ಪ್ರದರ್ಶನಾಂಗಣ ಬಿಟ್ಟು ಹೋಟೆಲ್ ಕೋಣೆಗಳಲ್ಲಿ ಕುಳಿತು ವ್ಯಾಪಾರ ಮಾಡಿದವು. ಆಗ ಯಾವ ಕೋವಿಡ್ ಇತ್ತು?

ಮೂಲೆಯ ಮಳಿಗೆ:
ನೀವೆಲ್ಲ ಸಂತೆಯನ್ನೇ ಎಣಿಸುತ್ತಿದ್ದೀರಿ, ಸಂಘವನ್ನು ಮರೆತಿದ್ದೀರಿ. ಮೊದಲು ಅದು ಸ್ಥಳೀಯ ನಿಲ್ದಾಣಗಳ ಕಾರ್ಯಕ್ರಮ ನಿರ್ದೇಶಕರದು, ಅಂದರೆ ಕೊಳ್ಳುವವರದು. ಸ್ಥಳೀಯ ಕಾರ್ಯಕ್ರಮಗಳಿಗೆ ‘ಐರಿಸ್’ ಪ್ರಶಸ್ತಿ ಕೊಡುತ್ತಿದ್ದ ಸಂಘ ಅದು. ಆಮೇಲೆ ಮಳಿಗೆಯ ಹಣ ಹರಿಯಿತು, ಮಾರುವವರ ಮರ್ಜಿ ನಡೆಯಿತು. ಅವರು ಎದ್ದುಹೋದ ದಿನ ಉಳಿದ ಸದಸ್ಯರಿಗೆ ಅಂಗಳ ಗುಡಿಸುವಷ್ಟೂ ಕಾಸಿರಲಿಲ್ಲ ಎಂದರೆ ಸ್ವಲ್ಪ ಉತ್ಪ್ರೇಕ್ಷೆಯಾದೀತು, ಆದರೆ ಸ್ವಲ್ಪವೇ.

ಹಳೆಯ ಆಂಟೆನಾ:
ಈ ಮಾತಿಗೆ ತಲೆಬಾಗುತ್ತೇನೆ. ಆದರೂ ಕೈಯಲ್ಲಿ ನಾಲ್ಕು ಕಾಸು ಉಳಿಸಿಕೊಂಡಿದ್ದ ಸಂಘವಾಗಿದ್ದರೆ ಆ ಎರಡು ವರ್ಷ ದಾಟುತ್ತಿತ್ತು. ಕೋವಿಡ್ ಅನ್ನು ಪೂರ್ತಿ ಬಿಡಲಾರೆ.

ಕುತೂಹಲಿ:
ಈಗ ಅದು ಇಲ್ಲವೇ ಇಲ್ಲವೇ?

ಲೆಕ್ಕಿಗ:
ಹೆಸರಿದೆ. ಕೆನಡಾದ ಬ್ರುನಿಕೊ ಎಂಬ ಕಂಪನಿ 2023ರಲ್ಲಿ ಆಸ್ತಿಯನ್ನು ಕೊಂಡಿತು, 2024ರ ಜನವರಿಯಲ್ಲಿ ಮಿಯಾಮಿಯಲ್ಲಿ ಮತ್ತೆ ಸಂತೆ ನೆರೆಸಿತು.

ಮೂಲೆಯ ಮಳಿಗೆ:
ಸಂತೆ ಮಾತ್ರ. ಸದಸ್ಯರನ್ನು ಯಾರೂ ಹರಾಜಿಗಿಡಲಿಲ್ಲ.